ಹ್ಯಾಟಿನ ಕೆಳಗೆ ಎಷ್ಟು ಜನ?

"ಮೂವತ್ತಾರು, ಮೂವತ್ತೇಳು... ಇನಾ, ಸ್ವಲ್ಪ ಸುಮ್ನಿರೇ! ಲೆಕ್ಕ ತಪ್ಪುತ್ತೆ."

"ನಾನೆಲ್ಲಿ ಮಾತಾಡ್ದೆ? ಕೆಳಗೆ ಗಂಡಸರು ಹೂಂಕರಿಸ್ತಿದಾರಲ್ಲ, ಅವರಿಗೆ ಹೇಳು."

ಇನಾ ಹೇಳಿದ್ದು ನಿಜ. ಕೆಳಗೆ ಹಾಡು ರಂಗೇರಿತ್ತು. ಹೆಂಗಸರು ಗಂಟಲು ಬಿಚ್ಚಿ ಹಾಡುತ್ತಿದ್ದರೆ ಗಂಡಸರು ನಡುನಡುವೆ "ಹುಂ! ಹುಂ!" ಎಂದು ತಾಳ ಹಾಕುತ್ತಿದ್ದರು. ಆ ಸದ್ದಿಗೆ ಚರ್ಚಿನ ಅಟ್ಟವೇ ನಡುಗುತ್ತಿತ್ತು. ಅಟ್ಟದ ಕಟಕಟೆಗೆ ಗಲ್ಲ ಒತ್ತಿಕೊಂಡು ತೆಕುರಾ ಮತ್ತೆ ಮೊದಲಿಂದ ಎಣಿಸತೊಡಗಿದಳು.

ಈ ವರ್ಷ ಚರ್ಚಿಗೆ ಬಂದವರನ್ನು ಎಣಿಸುವ ಕೆಲಸ ಅವಳದು. ಸಂಡೆ ಸ್ಕೂಲಿನಲ್ಲಿ ಹತ್ತು ವರ್ಷ ತುಂಬಿದವರಿಗೆ ಮಾತ್ರ ಸಿಗುವ ಕೆಲಸ. ಕಳೆದ ವರ್ಷ ಎಣಿಸುತ್ತಿದ್ದ ಹುಡುಗ ಬೋರ್ಡಿನಲ್ಲಿ ಲೆಕ್ಕ ಬರೆಯುವ ಸೀಮೆಸುಣ್ಣ ಒಪ್ಪಿಸುವಾಗ ಗುಟ್ಟು ಹೇಳಿಕೊಟ್ಟಿದ್ದ. "ಮುಖ ನೋಡ್ತಾ ಕೂತ್ಕೋಬೇಡ. ಮೊದಲು ಹ್ಯಾಟ್ ಎಣಿಸು, ಆಮೇಲೆ ಹ್ಯಾಟಿಲ್ಲದ ತಲೆ ಎಣಿಸು. ಅಟ್ಟದ ಮೇಲಿರೋ ನಮ್ಮನ್ನ ಸೇರಿಸು. ಮುಗೀತು!"

ಊರಿನ ಹೆಂಗಸರು ಎಳೆ ತೆಂಗಿನ ಗರಿಯಲ್ಲಿ ಹೆಣೆದ ಬಿಳಿ ಹ್ಯಾಟ್ ಇಲ್ಲದೆ ಚರ್ಚಿಗೆ ಬರುವುದೇ ಇಲ್ಲ. ಒಂದೊಂದು ಹ್ಯಾಟೂ ಊಟದ ತಟ್ಟೆಗಿಂತ ಅಗಲ. ಮೇಲಿನಿಂದ ಎಣಿಸುವುದು ಬಲು ಸುಲಭ.

"ನಲವತ್ತಮೂರು," ಎಂದಳು ತೆಕುರಾ.

"ಹೋದ ವಾರ ನಲವತ್ನಾಲ್ಕು ಇತ್ತು," ಎಂದಳು ಇನಾ. ಅವಳ ಮುಖ ಸಪ್ಪಗಾಯಿತು.

ಸಪ್ಪಗಾಗದೆ ಏನು ಮಾಡುತ್ತದೆ? ಇನಾ ಪಾಸ್ಟರ್ ಮಗಳು. ದೊಡ್ಡ ದ್ವೀಪ ರಾರೊಟೊಂಗಾದಲ್ಲಿದ್ದ ಚರ್ಚಿನ ದೊಡ್ಡ ಆಫೀಸಿನಿಂದ ಅವಳ ಅಪ್ಪನಿಗೆ ಒಂದು ಕಾಗದ ಬಂದಿತ್ತು. ಬರುವ ಭಾನುವಾರ ಹಿರಿಯರೊಬ್ಬರು ಬಂದು ಲೆಕ್ಕ ಬರೆದುಕೊಳ್ಳುತ್ತಾರೆ. ದೊಡ್ಡವರು, ಚಿಕ್ಕವರು ಎಲ್ಲ ಸೇರಿ ಐವತ್ತು ಜನ ಇದ್ದರೆ ಪಾಸ್ಟರ್ ಇಲ್ಲೇ ಇರುತ್ತಾರೆ. ಕಡಿಮೆಯಾದರೆ ಅವರನ್ನು ಬೇರೆ ದ್ವೀಪಕ್ಕೆ ಕಳಿಸುತ್ತಾರೆ. ಪಾಸ್ಟರ್ ಹೋದರೆ ಇನಾ ಹೋದಂತೆಯೇ. ಅವಳನ್ನು ಬಿಟ್ಟರೆ ತೆಕುರಾಳಿಗೆ ಜೀವದ ಗೆಳತಿ ಬೇರೆ ಯಾರೂ ಇರಲಿಲ್ಲ.

ಊರಿನವರು ಒಬ್ಬೊಬ್ಬರಾಗಿ ಕೆಲಸ ಹುಡುಕಿಕೊಂಡು ನ್ಯೂಜಿಲೆಂಡಿಗೆ ಹೋಗುತ್ತಿದ್ದರು. ತೆಕುರಾಳನ್ನು ಅಜ್ಜಿಯ ಹತ್ತಿರ ಬಿಟ್ಟು ಅವಳ ಅಪ್ಪ ಅಮ್ಮ ಹೋಗಿ ಆರು ವರ್ಷವಾಗಿತ್ತು. ವಿಮಾನ ಹಾರಿದಾಗಲೆಲ್ಲ ಚರ್ಚಿನ ಬಾಗಿಲ ಪಕ್ಕದ ಬೋರ್ಡಿನಲ್ಲಿ ಅಂಕಿ ಇಳಿಯುತ್ತಿತ್ತು.

"ಏಳು ಜನ ತಾನೇ? ನಾನು ತರ್ತೀನಿ ಬಿಡು," ಎಂದಳು ತೆಕುರಾ.

"ಏಳು ಜನ ಅಂಗಡೀಲಿ ಸಿಗ್ತಾರಾ?"

ಅಂಗಡಿಯಲ್ಲಿ ಸಿಗಲಿಲ್ಲ. ಆದರೆ ಕಡಲ ದಂಡೆಯಲ್ಲಿ ನೂರೊವಾ ಮಾವ ಸಿಕ್ಕಿದ. ದೋಣಿಯ ಇಂಜಿನ್ ಬಿಚ್ಚಿ ಹರಡಿಕೊಂಡು ಕೂತಿದ್ದ. ಚರ್ಚಿನ ಕಡೆ ಅವನು ತಲೆ ಹಾಕಿ ಯಾವ ಕಾಲವಾಗಿತ್ತೋ!

"ಮಾವ, ಭಾನುವಾರ ಚರ್ಚಿಗೆ ಬಾ."

"ನಾನಾ? ನಾನು ಒಳಗೆ ಕಾಲಿಟ್ರೆ ಗಂಟೆ ತಾನಾಗೇ ಹೊಡ್ಕೊಳುತ್ತೆ ಕಣೇ!"

"ಹೊಡ್ಕೊಳ್ಲಿ. ನನಗೆ ನಿನ್ನ ತಲೆ ಬೇಕು."

"ಬೋಳಾಗಿದೆ. ನಡೆಯುತ್ತಾ?"

"ಬೋಳಾದ್ರೆ ಎಣಿಸೋಕೆ ಇನ್ನೂ ಸುಲಭ."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕಣ್ಣು ಸಣ್ಣಗೆ ಮಾಡಿ ಕೇಳಿದ. "ನಿಮ್ಮಜ್ಜಿ ಬಾಳೆಹಣ್ಣಿನ ಸಿಹಿ ಪೊಕೆ ಮಾಡ್ತಾಳಾ? ತೆಂಗಿನಹಾಲು ಜಾಸ್ತಿ ಹಾಕಿ? ಮಾಡಿದ್ರೆ ನಾಲ್ಕು ಜನ ಗೆಳೆಯರನ್ನೂ ಎಳ್ಕೊಂಡು ಬರ್ತೀನಿ."

ತೆಕುರಾ ಅಜ್ಜಿಯ ಪರವಾಗಿ ತಾನೇ ಒಪ್ಪಿಕೊಂಡುಬಿಟ್ಟಳು. ನಲವತ್ತಮೂರು, ಐದು. ಒಟ್ಟು ನಲವತ್ತೆಂಟು. ಇನ್ನೂ ಎರಡು ಬೇಕು.

ಶನಿವಾರದವರೆಗೂ ಆ ಎರಡು ಸಿಗಲಿಲ್ಲ. ಸಂಜೆ ಅಜ್ಜಿ ಹ್ಯಾಟುಗಳನ್ನು ಜಗಲಿಯಲ್ಲಿ ಗಾಳಿಗೆ ಇಟ್ಟಿದ್ದಳು. ಅಜ್ಜಿಗೆ ಮೂರು ಹ್ಯಾಟ್: ಭಾನುವಾರಕ್ಕೊಂದು, ಮದುವೆಗೊಂದು, ಸಾವಿಗೊಂದು. ಚಿಕ್ಕಪ್ಪನ ಮಗಳು ಪುಟ್ಟ ಟಿಯಾರೆ ಮದುವೆ ಹ್ಯಾಟನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ತೆವಳುತ್ತಿದ್ದಳು. ಹ್ಯಾಟೇ ನಡೆದುಹೋಗುತ್ತಿರುವ ಹಾಗೆ ಕಾಣುತ್ತಿತ್ತು.

ತೆಕುರಾ ಆ ಹ್ಯಾಟನ್ನೇ ನೋಡುತ್ತಾ ನಿಂತಳು. ಕತ್ತಲಾದ ಮೇಲೆ ಮದುವೆಯದನ್ನೂ ಸಾವಿನದನ್ನೂ ಅಜ್ಜಿಗೆ ಕಾಣದ ಹಾಗೆ ಎತ್ತಿಟ್ಟುಕೊಂಡಳು.

ಮರುದಿನ ಎಲ್ಲರಿಗಿಂತ ಮೊದಲು ಅವಳು ಚರ್ಚಿಗೆ ಓಡಿದಳು. ಕೊನೆಯ ಬೆಂಚಿನ ಮೇಲೆ ಹಾಡಿನ ಪುಸ್ತಕಗಳನ್ನು ಎರಡು ರಾಶಿ ಮಾಡಿ, ಒಂದೊಂದರ ಮೇಲೂ ಒಂದೊಂದು ಹ್ಯಾಟ್ ಕೂರಿಸಿದಳು. ಅಟ್ಟ ಹತ್ತಿ ನೋಡಿದರೆ ಇಬ್ಬರು ಹೆಂಗಸರು ತಲೆ ತಗ್ಗಿಸಿ ಪ್ರಾರ್ಥನೆ ಮಾಡುತ್ತಿರುವ ಹಾಗೇ ಇತ್ತು.

ಜನ ಬಂದರು. ನೂರೊವಾ ಮಾವ ಒಳಗೆ ಕಾಲಿಡುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. "ನೋಡಿದ್ಯಾ? ಹೇಳಿರ್ಲಿಲ್ವಾ?" ಎಂದು ಅವನು ಅಟ್ಟದ ಕಡೆ ಕೈ ಬೀಸಿದ. ಮುಂದಿನ ಬೆಂಚಿನಲ್ಲಿ ರಾರೊಟೊಂಗಾದಿಂದ ಬಂದ ಹಿರಿಯರು ಟಮರುವಾ ದಪ್ಪ ಪುಸ್ತಕ ತೆರೆದುಕೊಂಡು ಕೂತಿದ್ದರು.

ತೆಕುರಾ ಎಣಿಸಿದಳು. ನಲವತ್ತೆಂಟು. ಹ್ಯಾಟ್ ಎರಡು. ಐವತ್ತು!

"ಐವತ್ತು?" ಇನಾ ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು. ತೆಕುರಾಳಿಗೆ ಮಾತ್ರ ಅವಳ ಮುಖ ನೋಡಲು ಆಗಲಿಲ್ಲ.

ಕೊನೆಯ ಹಾಡು ಮುಗಿಯಿತು. ಪಾಸ್ಟರ್ ತಲೆ ಎತ್ತಿ ಕೂಗಿದರು. "ತೆಕುರಾ, ಇವತ್ತು ಎಷ್ಟು ಜನ ಮಗಳೇ?"

ತೆಕುರಾ ಎದ್ದು ನಿಂತಳು. "ಐ..."

ಅಷ್ಟರಲ್ಲಿ ಕೊನೆಯ ಬೆಂಚಿನ ಹ್ಯಾಟ್ ಅಲ್ಲಾಡಿತು.

ಅದು ಪುಸ್ತಕದ ರಾಶಿಯಿಂದ ಜಾರಿತು. ಬೆಂಚಿನ ಉದ್ದಕ್ಕೂ ನಿಧಾನವಾಗಿ ನಡೆಯಿತು. ತುದಿಗೆ ಬಂದು ನಿಂತಿತು. ಕೆಳಗೆ ಎರಡು ಪುಟ್ಟ ಬರಿಗಾಲು ಕಂಡವು. ವಾಯ್ನೆ ಅಜ್ಜಿಯ ಮೊಮ್ಮಗ ಜೂನಿಯರ್! ಮೂರು ವರ್ಷದ ತುಂಟ.

ಇವನೆಲ್ಲಿಂದ ಬಂದ? ಇಷ್ಟು ಹೊತ್ತು ಎಲ್ಲಿದ್ದ? ವಾಯ್ನೆ ಅಜ್ಜಿಯ ಮಡಿಲಲ್ಲಿ ಇದ್ದಿರಬೇಕು. ಅಂದರೆ ಅಜ್ಜಿಯ ಹ್ಯಾಟಿನ ಕೆಳಗೆ. ತೆಕುರಾ ಚರ್ಚಿನ ತುಂಬ ಹರಡಿದ್ದ ಬಿಳಿ ಹ್ಯಾಟುಗಳನ್ನು ನೋಡಿದಳು. ಹಾಗಾದರೆ ಉಳಿದ ಹ್ಯಾಟುಗಳ ಕೆಳಗೆ?

"ಪಾಸ್ಟರ್, ಒಂದೇ ನಿಮಿಷ!" ಎಂದು ಕೂಗಿ ಧಡಧಡ ಮೆಟ್ಟಿಲಿಳಿದಳು.

ಟಮರುವಾ ಅವರ ಮುಂದೆ ಹೋಗಿ ನಿಂತಳು. "ನಾನು ಐವತ್ತು ಅಂತ ಹೇಳೋಳಿದ್ದೆ. ಅದರಲ್ಲಿ ಎರಡು ಬರೀ ಹ್ಯಾಟು. ನಾನೇ ಇಟ್ಟಿದ್ದು."

ಹಿಂದಿನಿಂದ ಅಜ್ಜಿಯ ದನಿ ಕೇಳಿತು. "ನನ್ನ ಮದುವೆ ಹ್ಯಾಟು, ಸಾವಿನ ಹ್ಯಾಟು ಎರಡೂ ನನಗಿಂತ ಮುಂಚೆ ಬಂದು ಕೂತಿವೆಯಾ? ಅಷ್ಟೊಂದು ಭಕ್ತಿ ಅವಕ್ಕೆ ಯಾವಾಗ ಬಂತೇ?"

ಯಾರೋ ಕಿಸಕ್ಕೆಂದರು. ಟಮರುವಾ ಮಾತ್ರ ನಗಲಿಲ್ಲ. "ಹ್ಯಾಟ್ ಬಿಟ್ಟು ಎಷ್ಟಮ್ಮ?"

"ನಲವತ್ತೆಂಟು. ಆದ್ರೆ ಅದೂ ತಪ್ಪು." ತೆಕುರಾ ಬೆಂಚುಗಳ ಕಡೆ ತಿರುಗಿದಳು. "ಅಜ್ಜಿಯರೆಲ್ಲ ಒಂದು ಸಲ ಹ್ಯಾಟ್ ತೆಗೀತೀರಾ?"

ಹ್ಯಾಟ್ ತೆಗೆಯುವುದೇ? ಚರ್ಚಿನೊಳಗೆ? ಹೆಂಗಸರು ಮುಖ ಮುಖ ನೋಡಿಕೊಂಡರು. ಆ ಊರಿನಲ್ಲಿ ಅಂಥ ಮಾತನ್ನು ಯಾರೂ ಯಾವತ್ತೂ ಆಡಿರಲಿಲ್ಲ.

ಅಜ್ಜಿ ಮೊಮ್ಮಗಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಆಮೇಲೆ ಎರಡೂ ಕೈಯಿಂದ ತನ್ನ ಹ್ಯಾಟ್ ಎತ್ತಿದಳು. ಮಡಿಲಲ್ಲಿ ಟಿಯಾರೆ ಬಾಯಲ್ಲಿ ಹೆಬ್ಬೆರಳು ಇಟ್ಟುಕೊಂಡು ನಿದ್ದೆ ಹೋಗಿದ್ದಳು. ತನ್ನ ಮನೆಯ ಕೂಸನ್ನೇ ತಾನು ಇಡೀ ವರ್ಷ ಎಣಿಸಿರಲಿಲ್ಲ ಎಂದು ತೆಕುರಾಳಿಗೆ ಆಗ ಗೊತ್ತಾಯಿತು.

"ಒಂದು," ಎಂದಳು.

ವಾಯ್ನೆ ಅಜ್ಜಿ ತೆಗೆದಳು. ಪಕ್ಕದವಳು ತೆಗೆದಳು. ಸಾಲುಸಾಲಾಗಿ ಹ್ಯಾಟುಗಳು ಮೇಲೆದ್ದವು. ಒಂದರ ಕೆಳಗೆ ಬಿಸ್ಕತ್ತು ತಿನ್ನುವವನು, ಇನ್ನೊಂದರ ಕೆಳಗೆ ಹಾಡಿನ ಪುಸ್ತಕ ನೆಕ್ಕುವವಳು. ಒಂದು ಹ್ಯಾಟಿನ ಕೆಳಗಂತೂ ಇಬ್ಬರು! ಬೆಳಕು ಬಿದ್ದದ್ದಕ್ಕೆ ಒಂದು ಕೂಸು ಕಿಟಾರನೆ ಕಿರುಚಿತು. ಚರ್ಚಿಗೆ ಚರ್ಚೇ ನಗತೊಡಗಿತು.

"ಜೂನಿಯರ್ ಸೇರಿ ಒಂಬತ್ತು!" ಎಂದು ನೂರೊವಾ ಮಾವ ಕೂಗಿದ. "ಐವತ್ತೇಳು ಕಣ್ರೋ! ನಾನು ಬರದೇ ಇದ್ರೂ ನಡೀತಿತ್ತು!"

"ನಾನೂ ಪೀಠದ ಮೇಲಿಂದ ವಾರವಾರ ನೋಡ್ತಿದ್ದದ್ದು ಹ್ಯಾಟುಗಳನ್ನೇ," ಎಂದರು ಪಾಸ್ಟರ್ ತಲೆ ಕೆರೆದುಕೊಂಡು.

ಟಮರುವಾ ಪುಸ್ತಕದಲ್ಲಿ ಐವತ್ತೇಳು ಎಂದು ದಪ್ಪಗೆ ಬರೆದರು. ಈಗ ಅವರೂ ನಗುತ್ತಿದ್ದರು. "ಮೂವತ್ತು ವರ್ಷದಿಂದ ಲೆಕ್ಕ ಬರೀತಿದೀನಿ. ಹ್ಯಾಟ್ ತೆಗೆಸಿ ಎಣಿಸಿದ್ದು ಇವತ್ತೇ ಮೊದಲು!"

ಇನಾ ಅಟ್ಟದಿಂದ ಓಡಿ ಬಂದು ತೆಕುರಾಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಹ್ಯಾಟಿನ ವಿಷಯ ನನಗ್ಯಾಕೆ ಹೇಳ್ಲಿಲ್ಲ, ಕಳ್ಳಿ?" ಎಂದಳು. ಆಮೇಲೆ ಕೈ ಹಿಡಿದುಕೊಂಡವಳು ಊಟ ಮುಗಿಯುವವರೆಗೂ ಬಿಡಲಿಲ್ಲ.

ಊಟಕ್ಕೆ ಅಜ್ಜಿ ಮಾಡಿದ ಪೊಕೆ ಮಾವನಿಗೂ ಅವನ ಗೆಳೆಯರಿಗೂ ಸಾಲದೆ ಹೋಯಿತು. ಎಲ್ಲರೂ ಎದ್ದ ಮೇಲೆ ಅಜ್ಜಿ ಟಿಯಾರೆಯ ಬಾಯಿ ಒರೆಸುತ್ತಾ ಹೇಳಿದಳು. "ನಿಮ್ಮಪ್ಪ ಅಮ್ಮ ವಿಮಾನ ಹತ್ತಿದ ಮೇಲೆ ನೀನೂ ಅಲ್ಲೇ ಇದ್ದೆ ಕಣೇ. ಒಂದು ವರ್ಷ ಪೂರ್ತಿ. ಹ್ಯಾಟ್ ಬಿಟ್ಟು ಈಚೆಗೆ ಬರ್ತಾನೇ ಇರ್ಲಿಲ್ಲ."

ತೆಕುರಾಳಿಗೆ ನೆನಪಾಯಿತು. ಗರಿಯ ಸಂದಿನಿಂದ ಇಳಿಯುವ ಸಣ್ಣ ಬೆಳಕು. ಕೊಬ್ಬರಿ ಎಣ್ಣೆಯ ವಾಸನೆ. ಅಜ್ಜಿ ಹಾಡುವಾಗ ಕೆನ್ನೆಗೆ ತಾಗುತ್ತಿದ್ದ ಅವಳ ಎದೆಯ ನಡುಕ. ಆಗ ಅಟ್ಟದ ಮೇಲಿಂದ ಯಾರೋ ಎಣಿಸುತ್ತಿದ್ದಿರಬೇಕು. ಅಜ್ಜಿಯ ಹ್ಯಾಟಿಗೆ ಒಂದು ಎಂದು ಬರೆದುಕೊಂಡಿರಬೇಕು.

ಮುಂದಿನ ಭಾನುವಾರ ಹಾಡು ಶುರುವಾದಾಗ ತೆಕುರಾ ಅಟ್ಟ ಹತ್ತಲಿಲ್ಲ. ಬೆಂಚುಗಳ ನಡುವೆ ಮೆಲ್ಲಗೆ ನಡೆದುಬಂದು ಅಜ್ಜಿಯ ಪಕ್ಕ ಮಂಡಿಯೂರಿ, ಹ್ಯಾಟಿನ ಕೆಳಗೆ ಇಣುಕಿದಳು. ಟಿಯಾರೆ ಎಚ್ಚರವಾಗಿದ್ದಳು. ಕೈ ಚಾಚಿ ಅಕ್ಕನ ಮೂಗು ಹಿಡಿದುಕೊಂಡಳು.

"ಒಂದು," ಎಂದು ತೆಕುರಾ ಅವಳಿಂದಲೇ ಎಣಿಸಲು ಶುರುಮಾಡಿದಳು.