ಕೆಂಪು ಕೂದಲಿನ ಹೂವು

"ನಿನ್ನ ಕೂದಲನ್ನೇ ಹಾಕಮ್ಮ. ಮೇಣದಲ್ಲಿ ಯಾರ ಕೂದಲಿರುತ್ತೋ, ಈ ಮನೆ ಅವಳನ್ನೇ ಸೇರಿಸ್ಕೊಳ್ಳೋದು," ಎಂದರು ವಾರ್ಡನ್ ಮಿಸೆಸ್ ಪ್ರುಯಿಟ್.

ಮರ್ಲಿಸ್ ವಿಧೇಯಳಂತೆ ತಲೆಯಾಡಿಸಿದಳು. ಮೆಟ್ಟಿಲು ಹತ್ತುವಾಗ ಮುಸಿಮುಸಿ ನಕ್ಕಳು.

ಮಿಸಿಸಿಪ್ಪಿಯ ಆ ಕಾಲೇಜಿನಲ್ಲಿ ಸೊರಾರಿಟಿ ಎಂದರೆ ಒಂದೇ ಮಹಡಿಮನೆಯಲ್ಲಿದ್ದು ಅಕ್ಕ-ತಂಗಿಯರೆಂದು ಕರೆದುಕೊಳ್ಳುವ ಸಿರಿವಂತ ಹುಡುಗಿಯರ ಕೂಟ. ಬೆನ್ನ ಹಿಂದೆ ಒಬ್ಬರನ್ನೊಬ್ಬರು ಹರಿದು ತಿನ್ನುವ ಅಕ್ಕ-ತಂಗಿಯರು. ಆದರೂ ಆ ಕೂಟದ ಚಿನ್ನದ ಪಿನ್ನು ಎದೆಗೇರಿದರೆ ಊರಿನ ದೊಡ್ಡ ಮನೆಗಳ ಬಾಗಿಲು ತೆರೆಯುತ್ತಿತ್ತು. ಮರ್ಲಿಸಳ ತಾಯಿಯನ್ನು ಇದೇ ಮನೆ ಹೊಸ್ತಿಲಿಂದಾಚೆಗೇ ನಿಲ್ಲಿಸಿ ಕಳಿಸಿತ್ತು. ಮಗಳಿಗೆ ಪಿನ್ನು ಬೇಕೇ ಬೇಕಿತ್ತು, ರ‍್ಯಾಗಿಂಗ್ ಮಾತ್ರ ಬೇಡವಾಗಿತ್ತು.

ಇಲ್ಲಿನ ರ‍್ಯಾಗಿಂಗ್ ಎಂದರೆ ಜಡೆ. ಹೊಸಬಳು ಕತ್ತಿನ ಬುಡಕ್ಕೇ ಜಡೆ ಕತ್ತರಿಸಿ ಕರಗಿದ ಮೇಣಕ್ಕೆ ಹಾಕಬೇಕು, ತಲೆಗೆ ಬಿಳಿ ವಸ್ತ್ರ ಸುತ್ತಿಕೊಂಡು ತಿರುಗಬೇಕು. ಆ ಮೇಣಕ್ಕೆ ಸ್ಮಶಾನದ ಮಣ್ಣು ಬೆರೆಸುವುದನ್ನು ಮನೆ ಕಟ್ಟಿಸಿದಾಕೆ ನದಿದಂಡೆಯ ಮಾಟಗಾರ್ತಿಯಿಂದ ಕಲಿತಿದ್ದಳಂತೆ. ಮರ್ಲಿಸಳದೋ ತಾಮ್ರದಂಥ ಕೆಂಪು ಜಡೆ. ಇಡೀ ಕಾಲೇಜು ತಿರುಗಿ ನೋಡುವ ಜಡೆ.

"ನಂದು ಕತ್ತರಿಸಿಬಿಟ್ಟೆ ಕಣೇ," ಎಂದಳು ಒಂದೇ ಕೋಣೆಯ ಜೊತೆಗಾತಿ ನೆಲ್, ಬೋಳು ಕತ್ತನ್ನು ಸವರಿಕೊಳ್ಳುತ್ತ.

"ಕುರಿ ಕಣೇ ನೀನು. ಉಣ್ಣೆ ಕೇಳಿದ್ರು, ಕೊಟ್ಟೆ."

"ನೀನೇನ್ ಮಾಡ್ತೀಯ?"

"ಕೆಳಗೆ ಗಾಜಿನ ಚೌಕಟ್ಟಲ್ಲಿ ನೇತಾಡ್ತಿದೆಯಲ್ಲ ಆ ಹಾರ? ಅದರಲ್ಲೊಂದು ಕೆಂಪು ಹೂವಿದೆ."

ನೆಲ್‌ಳ ಮುಖ ಬಿಳಿಚಿತು. ತೀರಿಕೊಂಡ ಅಕ್ಕಂದಿರ ಕೂದಲನ್ನು ತಂತಿಗೆ ಸುತ್ತಿ ಹೂವು ಹೂವಾಗಿ ಹೆಣೆದ ಹಾರವದು. "ಬೇಡ್ವೇ. ಅದು ಟಾಲುಲಾ ಅಕ್ಕಂದು. ನದೀಲಿ ಮುಳುಗಿ ಸತ್ತೋಳು."

"ಸತ್ತೋಳಿಗೆ ಜಡೆ ಯಾಕೆ?"

ಭಾನುವಾರ ಎಲ್ಲರೂ ಚರ್ಚಿಗೆ ಹೋದಾಗ ಮರ್ಲಿಸ್ ಚೌಕಟ್ಟು ತೆರೆದಳು. ಒಳಗಿಂದ ಮುಗ್ಗಲು ವಾಸನೆ ಬಂತು, ಅದರ ಹಿಂದೆಯೇ ನದಿಯ ಕೆಸರಿನ ವಾಸನೆ. ಹೂವು ಕತ್ತರಿಸಿದಳು. ಬೆರಳು ಒದ್ದೆಯಾಯಿತು. ಲಂಗಕ್ಕೆ ಒರೆಸಿಕೊಂಡು ಹೂವನ್ನು ಮೇಣಕ್ಕೆ ಹಾಕಿದಳು. ತನ್ನ ಜಡೆಯನ್ನು ತುರುಬು ಕಟ್ಟಿ, ಬಿಳಿ ವಸ್ತ್ರದೊಳಗೆ ಅಡಗಿಸಿದಳು.

ಮಧ್ಯಾಹ್ನ ಪಡಸಾಲೆಯ ದಪ್ಪ ಪರದೆಗಳನ್ನು ಎಳೆದರು. ಹೊರಗೆ ಬಿಸಿಲು, ಒಳಗೆ ಕಣ್ಣು ಕಟ್ಟುವ ಕತ್ತಲೆ. ಹುಡುಗಿಯರು ವೃತ್ತವಾಗಿ ನಿಂತು ಗುನುಗಿದರು. ಆ ಮೇಣದಿಂದ ಎರೆದು ಹೊತ್ತಿಸಿದ ಒಂದೇ ಬತ್ತಿ ಕೈಯಿಂದ ಕೈಗೆ ಬರುತ್ತಿತ್ತು. ಸುಟ್ಟ ಕೂದಲಿನ ಕಮಟು ಗಂಟಲಿಗೆ ಹತ್ತಿತು. ಪಿನ್ನಿಗಾಗಿ ಇಷ್ಟೊಂದು ನಾಟಕವೇ ಎಂದು ಮರ್ಲಿಸ್ ತುಟಿ ಕೊಂಕಿಸಿದಳು.

ಬತ್ತಿ ನೆಲ್‌ಳ ಕೈಗೆ ಬಂತು. ನೆಲ್ ಅದನ್ನು ಇವಳತ್ತ ಚಾಚಿದಳು. ಮರ್ಲಿಸ್ ಕೈಯೊಡ್ಡಿದಳು. ಬತ್ತಿ ಅವಳ ಬೆರಳುಗಳ ಮೂಲಕ ಹಾದುಹೋಯಿತು.

ಹಿಂದಿನಿಂದ ಒದ್ದೆ ಕೈಯೊಂದು ಅದನ್ನು ಹಿಡಿಯಿತು.

"ನೆಲ್," ಎಂದು ಕೂಗಹೋದಳು ಮರ್ಲಿಸ್. ದನಿ ಹೊರಡಲಿಲ್ಲ. ನೀರು ತೊಟ್ಟಿಕ್ಕುವ ಸದ್ದು. ಕೆಸರಿನ ವಾಸನೆ. ಮರ್ಲಿಸಳ ಜಾಗದಲ್ಲಿ ಮತ್ತೊಬ್ಬಳು ನಿಂತಿದ್ದಳು. ತೋಯ್ದ ಕೆಂಪು ಕೂದಲು. ಮಿಸೆಸ್ ಪ್ರುಯಿಟ್ ಆ ಹುಡುಗಿಯ ಎದೆಗೆ ಪಿನ್ನು ಚುಚ್ಚಿದರು.

"ಬಾ ಟಾಲುಲಾ. ಮನೆಗೆ ಬಂದೆಯಲ್ಲ," ಎಂದರು. ಎಲ್ಲರೂ ಹೌದೆಂಬಂತೆ ನಕ್ಕರು. ನೆಲ್ ಕೂಡ.

ಮರ್ಲಿಸಳ ತುರುಬು ತಾನಾಗಿ ಬಿಚ್ಚಿತು. ಯಾರೋ ಹಿಡಿದೆಳೆದರು. ಗೋಡೆಯತ್ತ. ಚೌಕಟ್ಟಿನತ್ತ. ತಂತಿ ಸುತ್ತಿತು. ಎಳೆ ಎಳೆಯಾಗಿ. ನೆತ್ತಿ ಉರಿಯಿತು. ಗಾಜು ಮುಚ್ಚಿಕೊಂಡಿತು.

ತಾನು ಕತ್ತರಿಸಿದ ಹೂವಿದ್ದ ಆ ಜಾಗದಿಂದ ಅವಳಿಗೆ ಪಡಸಾಲೆ ಚೆನ್ನಾಗಿ ಕಾಣುತ್ತಿತ್ತು. ಯಾವಳಾದರೂ ಕತ್ತರಿ ಹಿಡಿದು ಬರಲಿ, ತನ್ನ ಹೂವನ್ನೇ ಕದಿಯಲಿ ಎಂದು ಹಂಬಲಿಸಿ ಕಾದಳು.

ಮುಂದಿನ ವರ್ಷ ಒಬ್ಬಳು ಬಂದೇಬಂದಳು. ಮಿಸೆಸ್ ಪ್ರುಯಿಟ್‌ರ ಮಾತಿಗೆ ಮರ್ಲಿಸಳಂತೆಯೇ ನಕ್ಕವಳು. ಗಾಜು ತೆರೆದಳು. ನನ್ನದು ತಗೋ, ನನ್ನದು ತಗೋ ಎಂದು ಮರ್ಲಿಸ್ ಸದ್ದಿಲ್ಲದೆ ಅರಚಿದಳು. ಹುಡುಗಿ ತನ್ನ ಕಪ್ಪು ಜಡೆಯನ್ನು ಕೆಂಪು ಹೂವಿನ ಪಕ್ಕ ಹಿಡಿದು ನೋಡಿ, ಮುಖ ಸಿಂಡರಿಸಿದಳು.

"ಥೂ, ಈ ಬಣ್ಣ ಯಾರಿಗೆ ಬೇಕು," ಎಂದಳು. ಕತ್ತರಿ ಪಕ್ಕದ ಕಪ್ಪು ಹೂವಿಗೆ ಹೋಯಿತು.