ಹೊನ್ನಾಜಿಯ ತಮಾಷೆ ಮತ್ತು ಹುಯಿಲುಮೃಗ

ಬಹಳ ಹಿಂದೆ, ಮೂರು ಕಾಡು ದಾಟಿದ ಮೇಲೆ ಕಿಲಕಿಲಾವತಿ ಎಂಬ ರಾಜ್ಯವಿತ್ತು. ಅಲ್ಲಿ ಪ್ರತಿವರ್ಷ ಒಳ್ಳೆಯ ನಟನಟಿಯರಿಗೆ ಅರಸರು ಚಿನ್ನದ ಗೆಜ್ಜೆ ಕೊಡುತ್ತಿದ್ದರು. ಕೊಡುವ ಮುನ್ನ, ಸಭೆ ನಡೆಸಿಕೊಡುವವರು ಆಳುವವರ ಬಗ್ಗೆ ಒಂದು ತಮಾಷೆ ಮಾಡಲೇಬೇಕು. ಅದು ಅರಸರ ಮುತ್ತಾತ ಮಾಡಿಟ್ಟ ಪದ್ಧತಿ.

ಆ ವರ್ಷ ಆ ಕೆಲಸ ಹೊನ್ನಾಜಿಯದು. ಮಾತೇ ಅವಳ ಅನ್ನ. "ಶ್ರೇಷ್ಠ ನಟನೆಯ ಗೆಜ್ಜೆ ನಮ್ಮ ಮಂತ್ರಿಗಳಿಗೇ ಸಲ್ಲಬೇಕು," ಅಂದಳು. "ಕೆರೆಯ ಹೂಳೆತ್ತಿಸ್ತೀನಿ ಅನ್ನೋ ಒಂದೇ ಮಾತನ್ನ ವರ್ಷವರ್ಷವೂ ಹೊಸದಾಗಿ ಹೇಳ್ತಾರಲ್ಲ! ನಮ್ಮ ನಟರಿಗೆ ಎರಡನೇ ಆಟಕ್ಕೇ ಆಕಳಿಕೆ ಬರುತ್ತೆ."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಕ್ಕಸಾಲಿ ಮೋನಪ್ಪ ನಕ್ಕ ರಭಸಕ್ಕೆ ಅವನ ಪೇಟವೇ ಕೆಳಗೆ ಬಿತ್ತು.

ಮಂತ್ರಿ ಧೂಮದತ್ತ ಮಾತ್ರ ನಗಲಿಲ್ಲ. ಅವನು ಮಾಂತ್ರಿಕ. ಗಡ್ಡದಿಂದ ಒಂದು ಕೂದಲು ಕಿತ್ತು ಊದಿ ಹುಯಿಲುಮೃಗವನ್ನು ಹುಟ್ಟಿಸಿದ. ಜನರ ಬೊಬ್ಬೆಯೇ ಅದರ ಆಹಾರ. ಬೆಳಗಾದೊಡನೆ "ನಾಡಿಗೇ ಅವಮಾನವಾಯಿತು!" ಎಂದು ಡಂಗುರ ಹೊಡೆಸಿದ. ನಕ್ಕವರೆಲ್ಲ ಬೀದಿಗಿಳಿದು ಬೊಬ್ಬೆಯಿಟ್ಟರು. ಮೋನಪ್ಪನಂತೂ "ಅಯ್ಯೋ, ನನ್ನ ಭಾವನೆಗೆ ಪೆಟ್ಟಾಯ್ತು!" ಎಂದು ಎದೆ ಬಡಿದುಕೊಂಡ. ಪೆಟ್ಟು ಎಲ್ಲಾಗಿದೆಯೆಂದು ವೈದ್ಯರು ಎಷ್ಟು ಹುಡುಕಿದರೂ ಸಿಗಲಿಲ್ಲ. ಬೆಕ್ಕಿನಷ್ಟಿದ್ದ ಮೃಗ ಸಂಜೆಗೆ ಅರಮನೆಯಷ್ಟಾಯಿತು. ಪಾಪ, ಅರಸರು ಹೆದರಿ ಮಂತ್ರಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು.

"ಪಟ್ಟದಾನೆಗೆ ನೋವಾಗಿದೆ, ಕೆರೆಗೆ ನೋವಾಗಿದೆ, ಪ್ರಜೆಗಳಿಗೆ ನೋವಾಗಿದೆ," ಎಂದ ಧೂಮದತ್ತ ಹೊನ್ನಾಜಿಗೆ. "ಮೂವರೂ ಕ್ಷಮಿಸದಿದ್ದರೆ ನಿನ್ನ ದನಿಯನ್ನ ಈ ಗಿಂಡಿಗಿಳಿಸಿ ಬಿರಡೆ ಹಾಕ್ತೀನಿ."

ದನಿ ಹೋದರೆ ಹೊನ್ನಾಜಿ ಬದುಕುವುದಾದರೂ ಹೇಗೆ?

ಅವಳು ಆನೆಯ ಬಳಿ ಹೋದಳು. "ಆನೆರಾಯ, ನಿಮಗೆ ನೋವಾಯ್ತಂತೆ, ಕ್ಷಮಿಸಿ."

"ಯಾವ ನೋವು ತಾಯಿ? ನಾನು ಮಲಗಿದ್ದೆ," ಎಂದಿತು ಆನೆ. "ದುಃಖಕ್ಕೆ ಉಪವಾಸ ಕೂತಿದ್ದೀನಿ ಅಂತ ಸಾರಿಸಿ ನನ್ನ ಕಬ್ಬು ನಿಲ್ಲಿಸಿದ್ದಾರೆ. ಒಂದು ಜಲ್ಲೆ ಇದ್ದರೆ ಕೊಡು."

ಅವಳು ಕೆರೆಯ ಬಳಿ ಹೋದಳು. "ಕೆರೆಯಮ್ಮ, ನಿಮಗೆ ನೋವಾಯ್ತಂತೆ, ಕ್ಷಮಿಸಿ."

ಹೂಳಿನೊಳಗಿಂದ ಕೆರೆ ಬುಳುಬುಳು ಅಂದಿತು. "ಸಭೇಲಿ ನನ್ನ ಹೆಸರು ಬಂತಾ? ಇನ್ನೊಂದ್ಸಲ ಹೇಳು ಮಗಳೇ, ಕಿವಿತುಂಬ ಕೇಳ್ತೀನಿ."

ಉಳಿದವರು ಪ್ರಜೆಗಳು. ಅವಳು ಬಾಯಿ ತೆರೆಯುವ ಮೊದಲೇ "ಕ್ಷಮೆ ಇಲ್ಲ!" ಎಂದು ಕೂಗಿದರು. ಮೃಗ ಗುಳುಂ ಗುಳುಂ ಎಂದು ಕೂಗು ನುಂಗಿತು. ಧೂಮದತ್ತ ಗಿಂಡಿಯ ಬಾಯಿ ತೆರೆದ. ಅವಳ ದನಿ ಎಳೆಎಳೆಯಾಗಿ ಅದರೊಳಗೆ ಇಳಿಯತೊಡಗಿತು.

ಉಳಿದ ಸಣ್ಣ ದನಿಯಲ್ಲೇ ಹೊನ್ನಾಜಿ ಹೇಳಿದಳು: "ದೂರು ಕೊಡೋರು ನೋವಾದ ಮಾತನ್ನ ಕೇಳಿದ ಹಾಗೇ ಸಭೆಗೆ ಒಪ್ಪಿಸಬೇಕು, ಇದೂ ನಮ್ಮೂರ ಪದ್ಧತಿ. ಮೋನಪ್ಪಣ್ಣ, ನೀವೇ ಒಪ್ಪಿಸಿ."

ಪದ್ಧತಿ ಅಂದಮೇಲೆ ಅರಸರೂ ಹೂಂ ಅಂದರು. ಮೋನಪ್ಪ ಮುಖ ಗಂಟಿಕ್ಕಿಕೊಂಡು ಶುರುಮಾಡಿದ. ಕೆರೆಯ ಹೂಳಿಗೆ ಬರುವಾಗ ತುಟಿ ಅದುರಿತು. ಆಕಳಿಕೆಗೆ ಬರುವಷ್ಟರಲ್ಲಿ ತಡೆಯಲಾಗದೆ ಬುಸಕ್ಕನೆ ನಕ್ಕುಬಿಟ್ಟ. ಪಕ್ಕದವನು ನಕ್ಕ, ಬೀದಿ ನಕ್ಕಿತು, ಅರಸರು ಕಣ್ಣೊರೆಸಿಕೊಂಡರು. ಬೊಬ್ಬೆಗೆಂದು ಬಾಯಿ ತೆರೆದಿದ್ದ ಮೃಗ ನಗು ನುಂಗಿತು. ಅದು ಜೀರ್ಣವಾಗದೆ ಬಿಕ್ಕಳಿಸಿ, ಟಪ್ಪೆಂದು ಒಡೆಯಿತು.

ಗಿಂಡಿ ಬಿರಿದು ಹೊನ್ನಾಜಿಯ ದನಿ ಮರಳಿತು. ಮೃಗ ನುಂಗಿದ್ದ ಕೂಗುಗಳು ಅವರವರ ಮನೆ ಸೇರಿದವು. ಮೋನಪ್ಪ ಊಟಕ್ಕೆ ಕೂತಾಗ ಅನ್ನದ ತಪ್ಪಲೆಯೊಳಗಿಂದ "ಅಯ್ಯೋ, ನನ್ನ ಭಾವನೆ!" ಎಂದು ಕೇಳಿತು. "ಯಾವ ಭಾವನೆ ರೀ?" ಎಂದಳು ಹೆಂಡತಿ. ಅವನು ತಲೆ ಎತ್ತದೆ ಉಂಡ. ಮೃಗದೊಡನೆ ಮಂತ್ರವೂ ಕಳೆದುಹೋದ ಧೂಮದತ್ತನ ಕೈಗೆ ಅರಸರು ಬುಟ್ಟಿ, ಸಲಿಕೆ ಕೊಟ್ಟು ಕೆರೆಗೆ ಕಳಿಸಿದರು. ಮಳೆ ಬಂದು ಕೆರೆ ತುಂಬಿತು.

ಮರುವರ್ಷ ಹೊನ್ನಾಜಿ ಮತ್ತೆ ವೇದಿಕೆ ಹತ್ತಿದಳು. "ಈ ಸಲ ಶ್ರೇಷ್ಠ ನಟನೆಯ ಗೆಜ್ಜೆ, ರಾತ್ರಿ ನಕ್ಕು ಬೆಳಿಗ್ಗೆ ಎದೆ ಬಡಿದುಕೊಂಡವರಿಗೆ!" ಅಂದಳು.

ಸಭಿಕರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಬ್ಬೊಬ್ಬರೂ ಪಕ್ಕದವರ ಕಡೆ ಬೆರಳು ತೋರಿಸಿ ಬಿದ್ದುಬಿದ್ದು ನಕ್ಕರು. ಹಾಗೆ ಪಕ್ಕದವರನ್ನು ನೋಡಿ ನಗುತ್ತಲೇ ಕಿಲಕಿಲಾವತಿಯ ಜನ ಬಹುಕಾಲ ಸುಖವಾಗಿ ಬಾಳಿದರು.