ಎಂಟನೇ ಸ್ಟೇಜಿನ ಮಾತು

"ಇದನ್ನ ಕಾಲಿಲೆ ಬೆಸುಗಿ ಹಾಕೀರೇನ್ರಿ?"

ಉಮಾಶ್ರೀ ನನ್ನೊಡನೆ ಆಡಿದ ಮೊದಲ ಮಾತು ಇದು. ನನ್ನ ಕಾರ್ಟ್ರಿಜ್ಜಿನ ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಹುಬ್ಬು ಮೇಲೆತ್ತಿ ನನ್ನನ್ನು ನೋಡಿದಳು. ಉಳಿದವರೆಲ್ಲ ನಕ್ಕರು. ನಾನೂ ನಕ್ಕೆ. ಎದೆಯೊಳಗೆ ಏನೋ ಜಾರಿದ್ದು ಮಾತ್ರ ನನಗೊಬ್ಬನಿಗೇ ಗೊತ್ತಾಯಿತು.

ಅದು 2003. ಜಯನಗರ ಒಂಬತ್ತನೇ ಬ್ಲಾಕಿನ ಸಂಜೀವಯ್ಯನವರ ಮನೆಯಲ್ಲಿ ನಾವು ಏಳೆಂಟು ಜನ ಭಾನುವಾರ ಮಧ್ಯಾಹ್ನ ಸೇರುತ್ತಿದ್ದೆವು. ಟೀವಿಗೆ ಸಿಕ್ಕಿಸಿ ಆಡುವ ಹಳೆಯ ವಿಡಿಯೋ ಗೇಮುಗಳಿಗೆ ಕೈಯಾರೆ ಕಾರ್ಟ್ರಿಜ್ ತಯಾರಿಸುವುದು ನಮ್ಮ ಹುಚ್ಚು. ಎಸ್.ಪಿ. ರೋಡಿನಿಂದ ಚಿಪ್ ತರುವುದು, ಕಂಪ್ಯೂಟರಿನಿಂದ ಅದಕ್ಕೆ ಗೇಮ್ ತುಂಬುವುದು, ಬೋರ್ಡಿಗೆ ಬೆಸೆದು ಯಾವುದೋ ಕೆಟ್ಟುಹೋದ ಕಾರ್ಟ್ರಿಜ್ಜಿನ ಹಳದಿ ಡಬ್ಬಿಯೊಳಗೆ ಕೂರಿಸುವುದು. ಮನೆಯವರ ಲೆಕ್ಕದಲ್ಲಿ ನಾವು ಕೆಲಸವಿಲ್ಲದವರು.

ನನಗೇನೋ ಕೆಲಸವಿತ್ತು. ಹೆಸರು ಮುನಿರಾಜು, ಊರು ಬಿಳೇಕಹಳ್ಳಿ. ಅಜ್ಜ ರಾಗಿ ಬೆಳೆದ ಜಾಗದಲ್ಲಿ ಅಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದ, ಕೆಳಗಿನ ಅಂಗಡಿಯಲ್ಲಿ ನಾನು ಕೇಬಲ್ ಟೀವಿ ನಡೆಸುತ್ತಿದ್ದೆ. ಕ್ರಿಕೆಟ್ ಮ್ಯಾಚಿನ ದಿನ ಕೇಬಲ್ ಕೈಕೊಟ್ಟರೆ ಇಡೀ ಬೀದಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಅಷ್ಟೂ ಜನಕ್ಕೆ ನಾನೊಬ್ಬನೇ ಉತ್ತರ ಕೊಡಬಲ್ಲವನಾಗಿದ್ದೆ. ಅಂಥ ಬಾಯಿ ಈ ಹುಡುಗಿಯ ಮುಂದೆ ಮಾತ್ರ ಒಣಗಿ ಹೋಗುತ್ತಿತ್ತು.

ಉಮಾಶ್ರೀ ಗದಗಿನ ಕಡೆಯವಳು. ಬಿಟಿಎಂನಲ್ಲಿ ರೂಮ್ ಮಾಡಿಕೊಂಡು, ಯುಪಿಎಸ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ನಮ್ಮಲ್ಲಿ ಅವಳಷ್ಟು ಚೆನ್ನಾಗಿ ಬೆಸುಗೆ ಹಾಕುವವರು ಇನ್ನೊಬ್ಬರಿರಲಿಲ್ಲ. ಬೆಸುಗೆಯ ಹೊಗೆ ಮುಖಕ್ಕೆ ಬಂದಾಗ ತುಟಿ ಓರೆ ಮಾಡಿ ಊದುತ್ತಿದ್ದಳು. ಹಣೆಯ ಮೇಲಿನ ಕೂದಲು ಹಾರುತ್ತಿತ್ತು. ನಾನು ನೋಡುತ್ತಿರುವುದು ಗೊತ್ತಾದರೆ ತಲೆ ಎತ್ತದೆಯೇ ಕೇಳುತ್ತಿದ್ದಳು.

"ಏನ್ ನೋಡಾಕ್ಹತ್ತೀರಿ?"

"ಬೆಸುಗೆ ರೀ. ಕಲೀತಿದೀನಿ."

"ಬೆಸುಗಿ ಇಲ್ಲೈತಿ. ನೀವು ನೋಡೂದು ಎಲ್ಲೆಲ್ಲೋ ಐತಿ."

ನನಗೆ ಅವಳು ಬೇಕಾಗಿದ್ದಳು. ಹಗಲೂ ರಾತ್ರಿ ಬೇಕಾಗಿದ್ದಳು. ಅದನ್ನು ಹೇಳಲು ಪ್ರತಿ ಭಾನುವಾರ ಹೋಗುತ್ತಿದ್ದೆ, ಚಿಪ್ಪಿನ ಕಾಲುಗಳ ಬಗ್ಗೆ ಒಂದು ಗಂಟೆ ಮಾತಾಡಿ ವಾಪಸು ಬರುತ್ತಿದ್ದೆ.

ಕೊನೆಗೆ ಒಂದು ಉಪಾಯ ಹೊಳೆಯಿತು. ನಾನೇ ಒಂದು ಗೇಮ್ ಬರೆದೆ. ಮಡಿವಾಳದಿಂದ ಹೊರಟ ಬಸ್ಸೊಂದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಲಾರಿ, ಆಟೋ, ಎಮ್ಮೆಗಳಿಂದ ತಪ್ಪಿಸಿಕೊಂಡು ಸಾಗಬೇಕು. ಒಟ್ಟು ಎಂಟು ಸ್ಟೇಜು. ಎಂಟನೆಯದು ಮುಗಿದ ಮೇಲೆ ಪರದೆಯ ಮೇಲೆ ಒಂದು ಮಾತು ಬರುತ್ತಿತ್ತು: "ಉಮಾಶ್ರೀ, ನೀವಂದ್ರೆ ನನಗೆ ಜೀವ. ನನ್ನ ಮದುವೆ ಆಗ್ತೀರಾ?" ಒಂದೊಂದು ಅಕ್ಷರವನ್ನೂ ಚುಕ್ಕಿ ಚುಕ್ಕಿ ಇಟ್ಟು ಬರೆದಿದ್ದೆ. 'ಶ್ರೀ' ಒಂದಕ್ಕೇ ಎರಡು ಸಂಜೆ ಹಿಡಿಯಿತು.

ಮುಂದಿನ ಭಾನುವಾರ ಅದನ್ನು ಕಾರ್ಟ್ರಿಜ್ಜಿಗೆ ತುಂಬಿ ಅವಳ ಕೈಗೆ ಕೊಟ್ಟೆ. ಸಿಕ್ಕಿಸಿದಳು. ಟೀವಿಯಲ್ಲಿ ಗೇಮಿನ ಹೆಸರು ಬಂತು, ಟ್ಯೂನ್ ಬಂತು.

"ಹಾಂ, ಬಂತು. ಚಲೋ ಮಾಡೀರಿ," ಎಂದು ಸ್ವಿಚ್ ಆರಿಸಿದಳು. ಕಾರ್ಟ್ರಿಜ್ಜನ್ನು ಎಳೆದು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು.

ನನಗೆ ನನ್ನ ತಲೆಯನ್ನೇ ಚಚ್ಚಿಕೊಳ್ಳಬೇಕೆನಿಸಿತು. ಕಾರ್ಟ್ರಿಜ್ ತಯಾರಿಸುವವರು ಯಾರೂ ಗೇಮ್ ಆಡುವುದಿಲ್ಲ! ಹೆಸರು ಕಾಣಿಸಿತೋ, ಕೆಲಸ ಮುಗಿಯಿತು, ಮುಂದಿನ ಬೋರ್ಡು. ನಾಲ್ಕು ವರ್ಷದಲ್ಲಿ ಅರವತ್ತು ಕಾರ್ಟ್ರಿಜ್ ಮಾಡಿದ ನಾನು ಯಾವುದರ ಎರಡನೇ ಸ್ಟೇಜನ್ನೂ ಕಂಡವನಲ್ಲ. ಇಂಥ ಕುಲದಲ್ಲಿ ಹುಟ್ಟಿ, ಪ್ರಾಣವನ್ನು ಎಂಟನೇ ಸ್ಟೇಜಿನಲ್ಲಿ ಇಟ್ಟು ಕೂತಿದ್ದೆ.

ಅಂದಿನಿಂದ ಒಂದೇ ಜಪ. "ಗೇಮ್ ಆಡಿದ್ರಾ?"

"ಟೈಮ್ ಎಲ್ಲೈತ್ರಿ?"

"ಎಂಟನೇ ಸ್ಟೇಜ್ ಸಖತ್ತಾಗಿದೆ ರೀ."

"ಹೌದಾ?" ಎನ್ನುವಾಗ ಅವಳ ತುಟಿಯ ತುದಿ ಚೂರು ಮೇಲೇಳುತ್ತಿತ್ತು. ನಾನು ನಿಂತಲ್ಲೇ ಬೆವರುತ್ತಿದ್ದೆ. ಹೀಗೇ ಮೂರು ತಿಂಗಳು ಕಳೆದವು.

ಆಮೇಲೊಂದು ಭಾನುವಾರ ಅವಳು ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತ, ಎಲ್ಲರಿಗೂ ಕೇಳುವಂತೆ ಹೇಳಿದಳು. "ಮುಂದಿನ ವಾರ ನಾ ಬರೂದಿಲ್ರಿ. ಊರಿಗೆ ಹೊಂಟೀನಿ. ಹುಡುಗನ ಕಡೆಯವ್ರು ನೋಡಾಕ ಬರ್ತಾರ."

ಸಂಜೀವಯ್ಯನವರು ಒಳ್ಳೆಯದಾಗಲಿ ಎಂದರು. ಅವಳು ಗೇಟು ದಾಟಿದ ಮೇಲೆ ಹುಚ್ಚನಂತೆ ಓಡಿ, ಬಸ್ ಸ್ಟಾಪಿನಲ್ಲಿ ಹಿಡಿದೆ.

"ಉಮಾಶ್ರೀ, ಊರಿಗೆ ಹೋಗೋ ಮುಂಚೆ ಆ ಗೇಮ್ ಒಂದ್ಸಲ ಪೂರ್ತಿ ಆಡ್ಬಿಡಿ. ಪ್ಲೀಸ್."

ಅವಳು ನನ್ನನ್ನೇ ನೋಡಿದಳು. ಈ ಸಲ ಹುಬ್ಬು ಏರಲಿಲ್ಲ.

"ಅದ್ನ ಯಾಕ್ ಆಡ್ಲಿ? ತಂದ ದಿನಾನ ಬೆಸುಗಿ ಬಿಡಿಸಿ, ಚಿಪ್ ತೆಗದು ಕಂಪ್ಯೂಟರಿಗೆ ಹಾಕಿ ನೋಡೀನಿ. ಯಾರದ ಬೋರ್ಡ್ ಬರ್ಲಿ, ಬಿಚ್ಚಿ ನೋಡದ ನಂಗ ನಿದ್ದಿ ಬರೂದಿಲ್ಲ. ಕಡೀ ಸ್ಕ್ರೀನ್ ಪೂರಾ ಓದೀನಿ."

"ಮತ್ತೆ... ಮೂರು ತಿಂಗಳಿಂದ ಯಾಕ್ರೀ ಏನೂ ಹೇಳ್ಲಿಲ್ಲ?"

"ನೀವೆಲ್ಲಿ ಕೇಳಿದ್ರಿ? ಚಿಪ್ ಕೇಳಿದ್ರ ಚಿಪ್ಪಿಗೆ ಉತ್ತರ ಕೊಡ್ಲೇನು? ಪ್ರತಿ ಭಾನುವಾರ ಹೊಸಾ ಡ್ರೆಸ್ ಹಾಕ್ಕೊಂಡು ಬಂದೀನಿ, ಇವತ್ತರ ಬಾಯಿ ಬಿಡ್ತಾರ ಅಂತ. ಆಡಿದ್ರಾ, ಆಡಿದ್ರಾ, ಬರೇ ಇಷ್ಟ!" ಅವಳ ಕಣ್ಣು ತುಂಬಿತ್ತು. "ಅಪ್ಪ ಹುಡುಗನ್ನ ನೋಡೇನಿ ಅಂದಾಗ ಯಾರ ಹೆಸ್ರು ಹೇಳಿ ಬ್ಯಾಡ ಅನ್ಲಿ ನಾ?"

ಅವಳ ಬಸ್ಸು ಬಂತು. ಹತ್ತಲಿಲ್ಲ. ಇನ್ನೊಂದು ಬಂತು. ಅದನ್ನೂ ಬಿಟ್ಟಳು. ನಾನು ಬಾಯಿ ತೆರೆಯುವುದು, ಮುಚ್ಚುವುದು. ಮೂರನೆಯದು ತಿರುವಿನಲ್ಲಿ ಕಂಡಾಗ ಹೇಗೋ ಹೊರಬಂತು.

"ಹೋಗ್ಬೇಡಿ. ನೀವಿಲ್ದೆ ನನ್ನ ಕೈಲಾಗಲ್ಲ ರೀ. ನನ್ನ ಹೆಸ್ರೇ ಹೇಳಿ."

ಉಮಾಶ್ರೀ ಕಣ್ಣೊರೆಸಿಕೊಂಡಳು. ನನ್ನ ತೋಳು ಹಿಡಿದು ಪಕ್ಕದ ಎಸ್‌ಟಿಡಿ ಬೂತಿನೊಳಕ್ಕೆ ಎಳೆದುಕೊಂಡು ಹೋದಳು. ನಂಬರ್ ಒತ್ತಿ, "ಅಪ್ಪಾ, ಒಬ್ರು ಮಾತಾಡ್ತಾರ," ಎಂದು ರಿಸೀವರನ್ನು ನನ್ನ ಕೈಗೆ ತುರುಕಿದಳು.

"ಯಾರ್ರೀ?" ಎಂದಿತು ಅತ್ತಲಿಂದ ಗಂಭೀರ ದನಿ.

"ಸಾರ್, ನಾನು ಮುನಿರಾಜು. ಬಿಳೇಕಹಳ್ಳಿ. ನಿಮ್ಮ ಕಡೆಯವನಲ್ಲ ಸಾರ್. ನಿಮ್ಮ ಜಾತಿಯವನೂ ಅಲ್ಲ. ನಿಮ್ಮ ಮಗಳನ್ನ ಮದುವೆ ಆಗ್ಬೇಕು ಅಂತಿದೀನಿ. ಇದನ್ನ ಮೊದಲೇ ಹೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ. ಈಗ್ಲೂ ಇಲ್ಲ ಸಾರ್."

"ಫೋನ್ ಆಕಿಗೆ ಕೊಡ್ರಿ," ಎಂದಿತು ದನಿ.

ಕೊಟ್ಟೆ. ಅವಳು ಕೇಳಿಸಿಕೊಂಡಳು. "ಹೂಂ," ಎಂದಳು. ಮತ್ತೆ ಕೇಳಿಸಿಕೊಂಡಳು. ಕೆನ್ನೆಯ ಮೇಲೆ ನೀರು ಇಳಿಯಿತು. ಇನ್ನೊಮ್ಮೆ "ಹೂಂ," ಎಂದಳು. ಫೋನಿಟ್ಟಳು.

"ಏನಂದ್ರು?"

"ಮೊದ್ಲು, ನಿಂಗೂ ಅವನ ಬೇಕೇನು ಅಂತ ಕೇಳಿದ್ರು."

"ಆಮೇಲೆ?"

ಅವಳು ಬೂತಿನವನ ಎದುರಿಗೇ ನನ್ನ ಕೈ ಹಿಡಿದುಕೊಂಡಳು.

"ನಾ ಬ್ಯಾಡ ಅಂದ್ರೂ ಅವನ ಬೇಕೇನು, ಅಂದ್ರು."